ಎಳ್ಳಿನ ಡಬ್ಬಿ, ಕೋಲಿನ ನೆರಳು

ಸಂಕ್ರಾಂತಿ ಹತ್ತಿರವಾದಂತೆಲ್ಲ ಹಬ್ಬದ ‘ವೈಜ್ಞಾನಿಕ ಕಾರಣ’ಗಳನ್ನು ಸಾಲಾಗಿ ಹೇಳುವ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡತೊಡಗುತ್ತವೆ; ಎಳ್ಳು ಮೈಗೆ ಕಾವು ಕೊಡುತ್ತದೆ, ಬೆಲ್ಲ ರಕ್ತವನ್ನು ಶುದ್ಧಿ ಮಾಡುತ್ತದೆ, ಹಿರಿಯರು ಇದನ್ನೆಲ್ಲ ಎಂದೋ ಕಂಡುಕೊಂಡಿದ್ದರು ಎಂಬುದು ಅವುಗಳ ಸಾರ. ಇವನ್ನು ಓದಿ, ಹಬ್ಬವೆಂದರೆ ಬರಿಯ ಮೂಢನಂಬಿಕೆಯ ಗಂಟು ಎಂದು ಮೂಗು ಮುರಿಯುವವರ ಗುಂಪೂ ಇದೆ. ಎರಡು ಕಡೆಯವರೂ ಹಬ್ಬವನ್ನು ಕಟಕಟೆಯಲ್ಲಿ ನಿಲ್ಲಿಸಿ ವಾದಿಸುತ್ತಾರೆಯೇ ಹೊರತು ಎಳ್ಳಿನ ಡಬ್ಬಿಯ ಮುಚ್ಚಳ ತೆಗೆದು ಒಳಗೇನು ನಡೆದಿದೆಯೆಂದು ನೋಡುವ ಗೋಜಿಗೆ ಹೋಗುವುದಿಲ್ಲ. ವಿಜ್ಞಾನವನ್ನು ಹಬ್ಬದ ವಕೀಲನನ್ನಾಗಿಯೂ ವೈರಿಯನ್ನಾಗಿಯೂ ಮಾಡದೆ, ಹಬ್ಬಕ್ಕೆಂದು ಮನೆಗೆ ಬಂದ ಸಾಮಾನುಗಳನ್ನೇ ಪ್ರಯೋಗದ ಆಟಿಕೆಗಳಾಗಿ ಬಳಸಿಕೊಳ್ಳುವ ರಸಿಕತೆ ಇವೆರಡಕ್ಕಿಂತ ಹೆಚ್ಚು ಸುಖದ್ದು. ಅದಕ್ಕೆ ಸಂಕ್ರಾಂತಿಯಷ್ಟು ಒದಗಿಬರುವ ಹಬ್ಬ ಕನ್ನಡ ನಾಡಿನಲ್ಲಿ ಇನ್ನೊಂದಿಲ್ಲ.

ಈ ರಸಿಕತೆಗೆ ಕೈಹಾಕಿದವರಿಗೆ ಮೊದಲು ಸಿಗುವುದು ಒಂದು ಸಣ್ಣ ನಿರಾಸೆ. ಎಳ್ಳಿನಲ್ಲಿ ಕ್ಯಾಲ್ಸಿಯಂ, ಅಂದರೆ ಸುಣ್ಣದಂಶ, ಹೇರಳವಾಗಿದೆ ಎಂಬ ಮಾತು ಸಿಪ್ಪೆಯಿರುವ ಎಳ್ಳಿನ ಮಟ್ಟಿಗೆ ನಿಜವಾದರೂ, ಅದರ ಬಹುಪಾಲು ಸಿಪ್ಪೆಯಲ್ಲೇ ಇದ್ದು, ಅಲ್ಲಿಯೂ ದೇಹ ಸುಲಭವಾಗಿ ಹೀರಿಕೊಳ್ಳಲಾರದ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದ ರೂಪದಲ್ಲಿರುತ್ತದೆ; ಎಳ್ಳು-ಬೆಲ್ಲಕ್ಕೆ ಬೇಕಾದ ಬಿಳಿ ಎಳ್ಳಿಗಾಗಿ ನೆನೆಸಿ, ಉಜ್ಜಿ, ಕೇರಿ ಎಸೆಯುವುದು ಇದೇ ಸಿಪ್ಪೆಯನ್ನು. ಉಳಿಯುವುದು ತೂಕದ ಅರ್ಧದಷ್ಟು ಎಣ್ಣೆ ಮತ್ತು ಹುರಿದಾಗ ಏಳುವ ಘಮ. ಆ ಘಮಕ್ಕೆ ಬಹುಮಟ್ಟಿಗೆ ಕಾರಣವಾದ, ಸಕ್ಕರೆ ಮತ್ತು ಪ್ರೋಟೀನಿನ ಅಂಶಗಳು ಕಾವಿನಲ್ಲಿ ಕೂಡಿ ಕಂದುಬಣ್ಣವನ್ನೂ ನೂರಾರು ಪರಿಮಳದ ಅಣುಗಳನ್ನೂ ಹುಟ್ಟಿಸುವ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮೀಯ್ ಮೇಲಾರ್ಡ್ 1912ರಲ್ಲಿ ವಿವರಿಸಿದನು. ತಿನ್ನುವುದಕ್ಕೆ ಘಮವೇ ಸಾಕಷ್ಟು ದೊಡ್ಡ ಕಾರಣವಾಗಿರುವಾಗ ಸುಣ್ಣದಂಶದ ನೆಪ ಹುಡುಕುವ ಅಗತ್ಯವೇ ಬೀಳುವುದಿಲ್ಲ.

ನಿಜವಾದ ಸ್ವಾರಸ್ಯ ಇರುವುದು ಹುರಿದ ಎಳ್ಳು, ಸಣ್ಣಗೆ ಹೆಚ್ಚಿದ ಕೊಬ್ಬರಿ, ಅಚ್ಚುಬೆಲ್ಲದ ಚೂರು, ಹುರಿದು ಸಿಪ್ಪೆ ತೆಗೆದ ಕಡಲೆಬೀಜ ಮತ್ತು ಹುರಿಗಡಲೆಗಳನ್ನು ಬೆರೆಸಿ ಡಬ್ಬಿಗೆ ತುಂಬಿದ ಮೇಲೆ. ಎಳ್ಳು ಬೀರಲು ಹೊರಟ ಹೆಣ್ಣುಮಕ್ಕಳ ಕೈಯಲ್ಲಿ ಆ ಡಬ್ಬಿ ನಾಲ್ಕು ಬೀದಿ ಸುತ್ತಿ, ಅಲುಗಾಡಿ, ಆಟೊರಿಕ್ಷಾದಲ್ಲಿ ಕುಲುಕಿದ ಮೇಲೆ ಮುಚ್ಚಳ ತೆಗೆದರೆ, ಕೊಬ್ಬರಿಯೂ ಬೆಲ್ಲವೂ ಮೇಲೆ ಬಂದು ಕುಳಿತಿರುತ್ತವೆ, ಎಳ್ಳೆಲ್ಲ ತಳ ಸೇರಿರುತ್ತದೆ. ಮೊದಲ ಮನೆಗೆ ಕೊಬ್ಬರಿ, ಕೊನೆಯ ಮನೆಗೆ ಬರಿಯ ಎಳ್ಳು. ಭಾರವಾದದ್ದು ಕೆಳಗೆ, ಹಗುರವಾದದ್ದು ಮೇಲೆ ಎಂಬ ಸಾಮಾನ್ಯ ಎಣಿಕೆ ಇಲ್ಲಿ ತಲೆಕೆಳಗಾಗುತ್ತದೆ, ಏಕೆಂದರೆ ಒಂದು ಬೆಲ್ಲದ ಚೂರು ಒಂದು ಎಳ್ಳಿಗಿಂತ ಎಷ್ಟೋ ಪಟ್ಟು ಭಾರ. ಪಶ್ಚಿಮದ ದೇಶಗಳಲ್ಲಿ ಬೆರಕೆ ಬೀಜಗಳ ಡಬ್ಬಿಯಲ್ಲಿ ದಪ್ಪನೆಯ ಬ್ರೆಜಿಲ್ ಬೀಜ ಯಾವಾಗಲೂ ಮೇಲೆಯೇ ಇರುವುದನ್ನು ಕಂಡು ಭೌತವಿಜ್ಞಾನಿಗಳು ಈ ವಿದ್ಯಮಾನಕ್ಕೆ ‘ಬ್ರೆಜಿಲ್ ಬೀಜದ ಪರಿಣಾಮ’ ಎಂದೇ ಹೆಸರಿಟ್ಟಿದ್ದಾರೆ. 1987ರಲ್ಲಿ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪತ್ರಿಕೆಯಲ್ಲಿ ರೊಸಾಟೊ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಕಾಳುಗಳನ್ನು ಕುಲುಕಿಸಿ ತೋರಿಸಿದ ಕಾರಣ ಸರಳವಾದದ್ದು: ಪ್ರತಿ ಕುಲುಕಿಗೂ ಕಾಳುಗಳ ನಡುವೆ ಸಂದುಗಳು ತೆರೆದುಕೊಳ್ಳುತ್ತವೆ, ಸಣ್ಣ ಕಾಳು ಸಣ್ಣ ಸಂದಿನಲ್ಲೂ ನುಸುಳಿ ಕೆಳಗಿಳಿಯುತ್ತದೆ, ದೊಡ್ಡ ಚೂರಿಗೆ ತಕ್ಕ ದೊಡ್ಡ ಸಂದು ಅಪರೂಪಕ್ಕೆ ಮಾತ್ರ ತೆರೆಯುವುದರಿಂದ ಅದು ಕೆಳಗಿಳಿಯಲಾರದೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಇಷ್ಟಕ್ಕೇ ವಿಷಯ ಮುಗಿಯಲಿಲ್ಲ. 1993ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ನೈಟ್, ಯೇಗರ್, ನೇಗಲ್ ಎಂಬವರು, ಕುಲುಕುವ ಪಾತ್ರೆಯ ನಡುವೆ ಕಾಳುಗಳು ಒಟ್ಟಾಗಿ ಮೇಲೆದ್ದು ಅಂಚಿನಲ್ಲಿ ತೆಳುವಾದ ಪದರವಾಗಿ ಕೆಳಗಿಳಿಯುವ ಪ್ರವಾಹವೊಂದು ಹುಟ್ಟುತ್ತದೆಂದೂ, ದೊಡ್ಡ ಕಾಳು ನಡುವಿನ ಹರಿವಿನೊಡನೆ ಮೇಲೆ ಬಂದರೂ ಅಂಚಿನ ಆ ತೆಳು ಪದರದಲ್ಲಿ ಹಿಡಿಸಲಾರದೆ ಮೇಲೆಯೇ ಉಳಿದುಬಿಡುತ್ತದೆಂದೂ ತೋರಿಸಿದರು.

ಮಾತ್ರೆ ತಯಾರಿಸುವ ಕಾರ್ಖಾನೆಗಳಿಗೆ ಇದು ಗಂಭೀರ ಪ್ರಶ್ನೆ, ಏಕೆಂದರೆ ಬೆರೆಸಿದ ಪುಡಿ ಸಾಗಣೆಯಲ್ಲಿ ಬೇರ್ಪಟ್ಟರೆ ಒಂದು ಮಾತ್ರೆಯಲ್ಲಿ ಮದ್ದು ಹೆಚ್ಚಾಗಿ ಇನ್ನೊಂದರಲ್ಲಿ ಕಡಮೆಯಾಗುತ್ತದೆ. ಮನೆಯ ಮಕ್ಕಳಿಗೆ ಮಾತ್ರ ಇದು ಒಳ್ಳೆಯ ಆಟ: ಗಾಜಿನ ಸೀಸೆಯಲ್ಲಿ ಅರ್ಧದಷ್ಟು ಎಳ್ಳು ತುಂಬಿ, ತಳದಲ್ಲಿ ಒಂದು ಬೆಲ್ಲದ ಅಚ್ಚನ್ನು ಹೂತಿಟ್ಟು, ಮೇಲೆ ಕೆಳಗೆ ಕುಲುಕುತ್ತ ಅದು ಎಷ್ಟು ಕುಲುಕಿಗೆ ತಲೆ ಎತ್ತುತ್ತದೆಂದು ಎಣಿಸಬಹುದು, ಅಗಲ ಕಿರಿದಾದ ಸೀಸೆಯಲ್ಲಿ, ಒಳಗೋಡೆ ನುಣುಪಾದ ಸೀಸೆಯಲ್ಲಿ ಎಣಿಕೆ ಹೇಗೆ ಬದಲಾಗುತ್ತದೆಂದು ಪಂಥ ಕಟ್ಟಬಹುದು. ಡಬ್ಬಿಯ ಬದಲು ಚಿಕ್ಕ ಪೊಟ್ಟಣ ಕಟ್ಟಿ ಬೀರುವವರಿಗೆ ಈ ತಾಪತ್ರಯ ಕಡಮೆ. ಪೊಟ್ಟಣದೊಳಗೆ ಎಳ್ಳು ತಳ ಸೇರಿದರೂ ಪ್ರತಿ ಮನೆಗೂ ಅದರ ಪಾಲು ತಪ್ಪುವುದಿಲ್ಲ.

ಸಕ್ಕರೆ ಅಚ್ಚಿನ ಕಥೆ ಇದಕ್ಕಿಂತ ನಾಜೂಕಿನದು. 100 ಗ್ರಾಂ ನೀರಿನಲ್ಲಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 200 ಗ್ರಾಂ ಸಕ್ಕರೆ ಕರಗುತ್ತದೆ, ಕುದಿಯುವಾಗ ಅದರ ಎರಡು ಪಟ್ಟಿಗೂ ಹೆಚ್ಚು. ಕುದಿಸಿದ ಪಾಕ ತಣಿಯುತ್ತ ಬಂದಾಗ ತಾನು ಹಿಡಿದಿಡಬಲ್ಲದ್ದಕ್ಕಿಂತ ಹೆಚ್ಚು ಸಕ್ಕರೆಯನ್ನು ಹೊತ್ತು ನಿಲ್ಲುವ ಈ ಸ್ಥಿತಿಗೆ ಅತಿಸಂತೃಪ್ತ ದ್ರಾವಣವೆಂದು ಹೆಸರು. ಅದನ್ನು ಅಲುಗಿಸದೆ ದಿನಗಟ್ಟಲೆ ಬಿಟ್ಟರೆ ಕೆಲವೇ ಹರಳುಗಳು ನಿಧಾನವಾಗಿ ಬೆಳೆದು ಕಲ್ಲುಸಕ್ಕರೆಯಾಗುತ್ತವೆ. ಸೌಟಿನಿಂದ ಬಿಡದೆ ತಿರುವಿದರೆ ಒಮ್ಮೆಗೇ ಲೆಕ್ಕವಿಲ್ಲದಷ್ಟು ಸೂಕ್ಷ್ಮ ಹರಳುಗಳು ಹುಟ್ಟಿ, ಅವುಗಳ ಮೈಗಳಲ್ಲಿ ಬೆಳಕು ಚೆದರಿ ಪಾಕ ಬೆಳ್ಳಗಾಗುತ್ತದೆ. ಬೆಳ್ಳಗಾದ ಆ ಗಳಿಗೆಯಲ್ಲೇ, ಮೊದಲೇ ನೀರಿನಲ್ಲಿ ನೆನೆಸಿಟ್ಟ ಮರದ ಅಚ್ಚಿಗೆ ಹೊಯ್ಯಬೇಕು. ತುಸು ತಡವಾದರೆ ಪಾಕ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ, ಬೇಗ ಹೊಯ್ದರೆ ಆನೆಗೆ ಸೊಂಡಿಲು ಮೂಡುವುದಿಲ್ಲ. ಕುದಿಯುವ ಪಾಕಕ್ಕೆ ಹಾಕುವ ಚೂರು ಹಾಲಿನ ಪ್ರೋಟೀನು ಕಾವಿಗೆ ಹೆಪ್ಪುಗಟ್ಟುತ್ತ ಸಕ್ಕರೆಯ ಕೊಳೆಯನ್ನು ತನ್ನೊಳಗೆ ಸಿಕ್ಕಿಸಿಕೊಂಡು ನೊರೆಯಾಗಿ ಮೇಲೆ ತರುತ್ತದೆ. ನಿಂಬೆರಸ ಹೆಚ್ಚಾದರೆ ಮಾತ್ರ ಕೆಲಸ ಕೆಟ್ಟಿತು: ಹುಳಿಯು ಸಕ್ಕರೆಯ ಅಣುವನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂಬ ಎರಡು ಸಣ್ಣ ಸಕ್ಕರೆಗಳಾಗಿ ಒಡೆಯುತ್ತದೆ, ಅವು ಹರಳುಗಟ್ಟುವುದಕ್ಕೆ ಅಡ್ಡಿಯಾಗುವುದರಿಂದ ಅಚ್ಚು ಎಷ್ಟು ಹೊತ್ತಾದರೂ ಅಂಟಂಟಾಗಿಯೇ ಉಳಿಯುತ್ತದೆ.

ಅಡುಗೆಮನೆಯಿಂದ ತಾರಸಿಗೆ ಏರಿದರೆ ಹಬ್ಬದ ದಿನಾಂಕವೇ ಒಂದು ಒಗಟಾಗಿ ನಿಲ್ಲುತ್ತದೆ. ನಾಡಿನ ಹಬ್ಬಗಳಲ್ಲಿ ಬಹುಪಾಲು ಚಂದ್ರನ ತಿಥಿಗೆ ಸೇರಿದ್ದು ಪ್ರತಿವರ್ಷ ಹಿಂದೆ ಮುಂದೆ ಜರುಗುತ್ತವೆ; ಸಂಕ್ರಾಂತಿ, ಕೊಡಗಿನ ಕಾವೇರಿ ಸಂಕ್ರಮಣ, ತುಳುನಾಡಿನ ಬಿಸು ಮೊದಲಾದ ಕೆಲವು ಮಾತ್ರ ಸೂರ್ಯನ ಲೆಕ್ಕದವಾದ್ದರಿಂದ ದಿನಾಂಕಕ್ಕೆ ಅಂಟಿಕೊಂಡಿವೆ. ಸೂರ್ಯನು ದಕ್ಷಿಣದ ಕೊನೆಯ ಎಲ್ಲೆಯನ್ನು ಮುಟ್ಟಿ ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು, ಸಂಕ್ರಾಂತಿ ಬರುವುದು ಜನವರಿ 14 ಅಥವಾ 15ರಂದು. ಉತ್ತರಾಯಣದ ಹಬ್ಬ ಉತ್ತರಾಯಣಕ್ಕಿಂತ 24 ದಿನ ತಡ. ಭೂಮಿಯ ಅಕ್ಷವು ತಿರುಗುವ ಬುಗುರಿಯ ತಲೆಯಂತೆ ಸುಮಾರು 25,800 ವರ್ಷಕ್ಕೊಂದು ಸುತ್ತು ಓಲಾಡುವುದರಿಂದ, ಋತುಗಳ ಬಿಂದುಗಳು ನಕ್ಷತ್ರಗಳ ನಡುವೆ 72 ವರ್ಷಕ್ಕೆ ಒಂದು ಡಿಗ್ರಿಯಂತೆ ಹಿಂದೆ ಸರಿಯುತ್ತವೆ. ಪಂಚಾಂಗದ ನಿರಯಣ ಪದ್ಧತಿ ಎಂದರೆ ರಾಶಿಗಳನ್ನು ನಕ್ಷತ್ರಗಳಿಗೆ ಕಟ್ಟಿಹಾಕುವ ಪದ್ಧತಿಯಾದ್ದರಿಂದ ಮಕರ ರಾಶಿಯ ಬಾಗಿಲು ಋತುವಿನಿಂದ ದೂರವಾಗುತ್ತಲೇ ಇದೆ. ಎರಡೂ ಒಂದೇ ದಿನ ಕೂಡಿದ್ದು ಸುಮಾರು 1,700 ವರ್ಷಗಳ ಹಿಂದೆ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನವಾಗಿತ್ತು ಎಂಬುದು ಈ ಸರಿಯುವಿಕೆಗೆ ಎಲ್ಲರೂ ಪರೀಕ್ಷಿಸಬಹುದಾದ ಸಾಕ್ಷಿ. ಇದೇ ಲೆಕ್ಕ ನಡೆದರೆ ಸಾವಿರ ವರ್ಷದ ಬಳಿಕ ಎಳ್ಳು ಬೀರುವುದು ಜನವರಿಯ ಕೊನೆಯ ವಾರದಲ್ಲಿ. ಇದನ್ನು ತಪ್ಪೆಂದು ತಿದ್ದಿ ಹಬ್ಬವನ್ನು ಡಿಸೆಂಬರಿಗೆ ತಳ್ಳಬೇಕೆಂಬ ಹಟಕ್ಕಿಂತ, ಒಂದು ಋತುವಿನದು, ಒಂದು ನಕ್ಷತ್ರದ್ದು ಎಂದು ಎರಡು ಹಬ್ಬ ಮಾಡುವುದು ಹೆಚ್ಚು ಲಾಭದಾಯಕ.

ಸಂಕ್ರಾಂತಿಯಿಂದ ಹಗಲು ಬೆಳೆಯುತ್ತದೆ ಎಂದು ನಂಬಿ ಗಡಿಯಾರ ನೋಡುವವರಿಗೆ ಇನ್ನೊಂದು ಬೆರಗು ಕಾದಿದೆ. ಬೆಂಗಳೂರಿನಲ್ಲಿ ಜನವರಿ 14ರ ಸೂರ್ಯೋದಯ ಡಿಸೆಂಬರ್ 21ರದಕ್ಕಿಂತ ಎಂಟೊಂಬತ್ತು ನಿಮಿಷ ತಡವಾಗಿರುತ್ತದೆ, ಸೂರ್ಯಾಸ್ತ ಸುಮಾರು ಹದಿಮೂರು ನಿಮಿಷ ತಡ. ಹಗಲು ನಿಜವಾಗಿ ಬೆಳೆದಿರುವುದು ನಾಲ್ಕೈದು ನಿಮಿಷ ಮಾತ್ರ. ಜನವರಿಯ ಆರಂಭದಲ್ಲಿ ಭೂಮಿ ಸೂರ್ಯನಿಗೆ ಅತಿ ಹತ್ತಿರದಲ್ಲಿದ್ದು, ಅಂದರೆ ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿ, ತನ್ನ ಕಕ್ಷೆಯಲ್ಲಿ ಅತಿ ವೇಗವಾಗಿ ಓಡುವುದೂ ಅದರ ಅಕ್ಷದ ವಾಲುವಿಕೆಯೂ ಸೇರಿ ಸೂರ್ಯನ ನಡು ಮಧ್ಯಾಹ್ನವನ್ನೇ ಗಡಿಯಾರದ ಮೇಲೆ ಮುಂದಕ್ಕೆ ತಳ್ಳುತ್ತವೆ. ಡಿಸೆಂಬರ್ 21ರಂದು 12 ಗಂಟೆ 18 ನಿಮಿಷದ ಹೊತ್ತಿಗೆ ನೆತ್ತಿಯ ರೇಖೆ ದಾಟುವ ಸೂರ್ಯ ಸಂಕ್ರಾಂತಿಯಂದು ದಾಟುವುದು 12 ಗಂಟೆ 29 ನಿಮಿಷದ ಸುಮಾರಿಗೆ.

ಈ 12 ಗಂಟೆ 29 ನಿಮಿಷವನ್ನು ನೆನಪಿಟ್ಟುಕೊಂಡರೆ ಹಬ್ಬದೂಟಕ್ಕೆ ಮುನ್ನ ಭೂಮಿಯನ್ನೇ ಅಳೆದುಬಿಡಬಹುದು. ತಾರಸಿಯ ಮೇಲೆ ಒಂದು ಮೀಟರ್ ಎತ್ತರದ ಕೋಲನ್ನು ನೆಟ್ಟಗೆ ನಿಲ್ಲಿಸಿದರೆ ಆ ಹೊತ್ತಿಗೆ ಬೆಂಗಳೂರಿನಲ್ಲಿ ಅದರ ನೆರಳು ಸುಮಾರು 68 ಸೆಂಟಿಮೀಟರ್ ಇರುತ್ತದೆ. ಬೀದರ್ ನಗರ ಬೆಂಗಳೂರಿಗೆ ಹೆಚ್ಚುಕಡಮೆ ನೇರ ಉತ್ತರದಲ್ಲಿದೆ, ಎರಡರ ರೇಖಾಂಶದಲ್ಲಿರುವ ವ್ಯತ್ಯಾಸ ಒಂದು ಡಿಗ್ರಿಯ ಹತ್ತನೆಯ ಒಂದು ಭಾಗಕ್ಕಿಂತ ಕಡಮೆ. ಅಲ್ಲಿನ ನೆಂಟರ ತಾರಸಿಯಲ್ಲಿ ಅದೇ ಗಳಿಗೆಗೆ ಅಷ್ಟೇ ಎತ್ತರದ ಕೋಲಿನ ನೆರಳು ಸುಮಾರು 82 ಸೆಂಟಿಮೀಟರ್. ಕೋಲನ್ನೂ ನೆರಳನ್ನೂ ಎರಡು ಭುಜಗಳಾಗಿಟ್ಟು ಕಾಗದದ ಮೇಲೆ ತ್ರಿಕೋನ ಬರೆದು ಕೋನಮಾಪಕದಿಂದ ಅಳೆದರೆ, ಕೋಲಿನ ತುದಿಯಲ್ಲಿ ಬೆಂಗಳೂರಿಗೆ ಸುಮಾರು 34 ಡಿಗ್ರಿ, ಬೀದರಿಗೆ ಸುಮಾರು 39 ಡಿಗ್ರಿ ಸಿಗುತ್ತದೆ. ನಡುವಿನ 5 ಡಿಗ್ರಿ ಎಂದರೆ ಭೂಮಿಯ ಸುತ್ತಳತೆಯ 72ನೆಯ ಒಂದು ಪಾಲು. ಎರಡು ನಗರಗಳ ನೇರ ದೂರ ಸುಮಾರು 547 ಕಿಲೋಮೀಟರ್ ಆದ್ದರಿಂದ ಅದನ್ನು 72ರಿಂದ ಗುಣಿಸಿದರೆ ಬರುವುದು ಸುಮಾರು 39,400 ಕಿಲೋಮೀಟರ್. ಧ್ರುವಗಳ ಮೂಲಕ ಭೂಮಿಯ ನಿಜವಾದ ಸುತ್ತಳತೆ 40,000 ಕಿಲೋಮೀಟರಿಗೆ ತುಸು ಹೆಚ್ಚು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಎರಟೋಸ್ತನೀಸ್ ಈಜಿಪ್ಟಿನ ಸೈಯೀನ್ ಮತ್ತು ಅಲೆಕ್ಸಾಂಡ್ರಿಯಾಗಳ ನಡುವೆ ನಡೆಸಿದ ಲೆಕ್ಕ ಇದೇ, ಆದರೆ ಅವನ ಎರಡು ಊರುಗಳು ಬೆಂಗಳೂರು-ಬೀದರಗಳಷ್ಟು ನೇರ ಸಾಲಿನಲ್ಲಿರಲಿಲ್ಲ. ನೆರಳಿನ ಅಳತೆಯಲ್ಲಿ ಒಂದೇ ಸೆಂಟಿಮೀಟರ್ ತಪ್ಪಿದರೂ ಉತ್ತರ ಸುಮಾರು 3,000 ಕಿಲೋಮೀಟರ್ ಆಚೀಚೆಯಾಗುವುದರಿಂದ ಕೋಲಿಗೆ ತೂಗುಗುಂಡು ಹಿಡಿದು ನೋಡುವುದೂ, ನೆಲ ಮಟ್ಟವಾಗಿದೆಯೇ ಎಂದು ಪರೀಕ್ಷಿಸುವುದೂ ಅಗತ್ಯ. ಮಳೆನೀರು ಹರಿಯಲೆಂದು ಇಳಿಜಾರು ಕೊಟ್ಟ ತಾರಸಿ ಈ ಕೆಲಸಕ್ಕೆ ದೊಡ್ಡ ಶತ್ರು.

ಸೂರ್ಯನನ್ನು ಇನ್ನೂ ಭವ್ಯವಾಗಿ ಹಿಡಿಯುವ ಏರ್ಪಾಡು ಬೆಂಗಳೂರಿನ ಗವಿಪುರದ ಗವಿ ಗಂಗಾಧರೇಶ್ವರ ಗುಹಾದೇವಾಲಯದಲ್ಲಿದೆ. ಸಂಕ್ರಾಂತಿಯ ಸಂಜೆ ಐದು ದಾಟಿದ ಮೇಲೆ ಪಶ್ಚಿಮದಿಂದ ದಕ್ಷಿಣಕ್ಕೆ ವಾಲಿದ ಸೂರ್ಯನ ಕಿರಣ ಕಲ್ಲಿನ ನಂದಿಯ ಕೋಡುಗಳ ನಡುವೆ ಹಾದು ಗರ್ಭಗುಡಿಯ ಲಿಂಗದ ಮೇಲೆ ಬೀಳುವುದನ್ನು ನೋಡಲು ಸಾವಿರಾರು ಜನ ಸೇರುತ್ತಾರೆ. ಜಯಂತ್ ವ್ಯಾಸನಕೆರೆ, ಕೆ. ಸುದೀಶ್ ಮತ್ತು ಬಿ. ಎಸ್. ಶೈಲಜಾ ಅವರು 2008ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಈ ಬೆಳಕಿನ ಲೆಕ್ಕವನ್ನು ಬಿಡಿಸಿಟ್ಟಿದ್ದು, ಅದರ ಪ್ರಕಾರ ಕಿರಣ ಲಿಂಗವನ್ನು ಮುಟ್ಟುವುದು ವರ್ಷಕ್ಕೆ ಎರಡು ಸಲ: ಜನವರಿ 13ರಿಂದ 16ರವರೆಗೆ ಒಮ್ಮೆ, ನವೆಂಬರ್ 26ರಿಂದ ಡಿಸೆಂಬರ್ 2ರವರೆಗೆ ಇನ್ನೊಮ್ಮೆ. ಕಾರಣ ತಿಳಿದವರಿಗೆ ಇದು ಅಚ್ಚರಿಯೆನಿಸದು, ಏಕೆಂದರೆ ಸೂರ್ಯನು ದಕ್ಷಿಣದ ಎಲ್ಲೆ ಮುಟ್ಟುವ ಸುಮಾರು ಮೂರು ವಾರ ಮೊದಲು ಎಲ್ಲಿದ್ದನೋ ಹಿಂತಿರುಗುವಾಗ ಸುಮಾರು ಅಷ್ಟೇ ದಿನಗಳ ಬಳಿಕ ಅಲ್ಲಿಗೇ ಬಂದಿರುತ್ತಾನೆ. ಹೋಗುವ ದಾರಿಯೂ ಬರುವ ದಾರಿಯೂ ಒಂದೇ. ಪಂಚಾಂಗ ಬರುವ ದಾರಿಯ ಜನವರಿಯದಕ್ಕೆ ಮಾತ್ರ ಹಬ್ಬದ ಹೆಸರಿಟ್ಟಿದೆ. ಸರದಿ ಸಾಲಿನಲ್ಲಿ ನಿಲ್ಲುವ ತಾಳ್ಮೆಯಿಲ್ಲದವರು ನವೆಂಬರಿನ ಕೊನೆಯ ದಿನಗಳ ಸಂಜೆಯನ್ನು ಆರಿಸಿಕೊಳ್ಳಬಹುದು, ಆದರೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಬೆಂಗಳೂರಿನ ಆಕಾಶವನ್ನು ಮುಚ್ಚುವ ಕಾಲವೂ ಅದೇ ಆಗಿರುವುದರಿಂದ ಹೊರಡುವ ಮುನ್ನ ಹವಾಮಾನ ಮುನ್ಸೂಚನೆಯನ್ನು ನೋಡಿಕೊಳ್ಳಬೇಕಾಗುತ್ತದೆ.