ಬೆರಕೆ ಸೊಪ್ಪಿನ ಊಟಕ್ಕೆ ಯಾರನ್ನು ಕರೆದಿದ್ದೀರಿ?

ಹೈದರಾಬಾದಿನ ಚಿಗುರ್ ಗೋಷ್ತ್ ತಿಂದಿದ್ದೀರಾ? ಬೇಸಿಗೆಯ ಹುಣಸೆ ಚಿಗುರನ್ನು ಮಾಂಸದ ಜೊತೆ ಬೇಯಿಸಿದ್ದು. ಯಾರೂ ಬಿತ್ತಿದ್ದಲ್ಲ, ಮರ ಹತ್ತಿ ಕಿತ್ತು ತಂದವರಿದ್ದರೆ ಉಂಟು, ಇಲ್ಲಾಂದ್ರೆ ಇಲ್ಲ. 2008ರಲ್ಲಿ ಶಂಶಾಬಾದಿನ ಸುಮಾರು 5,500 ಎಕರೆಯಲ್ಲಿ ವಿಮಾನ ನಿಲ್ದಾಣ ಶುರುವಾಯ್ತು. ಬೇಲಿ ಬಿದ್ದ ಜಾಗದಲ್ಲಿ ಸೊಪ್ಪು ಬೆಳೆದರೂ ಕೀಳಲು ಬಿಡೋರು ಯಾರು?

ಬೆಂಗಳೂರಿನ ಅಂಚಿನ ಸರ್ಜಾಪುರದಲ್ಲೂ ಹೊಲಗಳು ಲೇಔಟುಗಳಾಗುತ್ತ ಬಂದಿವೆ. ಅಲ್ಲಿ ಕಲಾವಿದ ಜಿ. ಸುರೇಶ್ ಕುಮಾರ್ ‘ಸರ್ಜಾಪುರ ಕರೀಸ್’ ಅಂತ ಒಂದು ಕೆಲಸ ಕಟ್ಟಿದರು. ಊರಿನ ಹಿರಿಯ ಹೆಂಗಸರಿಗೆ ಗೊತ್ತಿರುವ ಬೆರಕೆ ಸೊಪ್ಪುಗಳನ್ನು ಗುರುತಿಸುವುದು, ಬೆಳೆಸುವುದು, ಮತ್ತೆ ಜನರ ಅಡುಗೆಮನೆಗೆ ತರುವುದು. ಇದು ಕಲೆಯಾ, ಅಡುಗೆಯಾ ಅಂತ ನೀವು ಕೇಳಬಹುದು. ನನಗೆ ಆ ಪ್ರಶ್ನೆಯಲ್ಲಿ ಅಷ್ಟು ಆಸಕ್ತಿಯಿಲ್ಲ. 1992ರಲ್ಲಿ ರಿರ್ಕ್ರಿತ್ ತಿರವನಿಜ ನ್ಯೂಯಾರ್ಕಿನ ಗ್ಯಾಲರಿಯಲ್ಲಿ ಥಾಯ್ ಕರಿ ಮಾಡಿ ಬಂದವರಿಗೆಲ್ಲ ಪುಕ್ಕಟೆ ಬಡಿಸಿದಾಗಲೇ ಅದು ಹಳೆಯದಾಯ್ತು. ಆದರೆ ಗ್ಯಾಲರಿಗೆ ಬರೋರು ಯಾರು? ಹಸಿದವರಂತೂ ಅಲ್ಲ. ಸರ್ಜಾಪುರದ್ದು ಮೇಲು ಅನ್ನಿಸೋದು ಇಲ್ಲೇ: ಅದರ ಗುರುಗಳು ಹೊಲದ ಬದುವಿನಲ್ಲಿ ಸೊಪ್ಪು ಕಿತ್ತು ಬಸ್ಸಾರು ಮಾಡಿ ಉಂಡವರು.

ಹಾಗಂತ ತಕರಾರೇ ಇಲ್ಲ ಅಂತಲ್ಲ. ಈಗ ನಗರಗಳಲ್ಲಿ ಸೊಪ್ಪು ಹುಡುಕುವ ನಡಿಗೆ, ಸಹಭೋಜನ ಹೆಚ್ಚುತ್ತಿವೆ. ಅದೇ ಅಣ್ಣೆ ಸೊಪ್ಪನ್ನು ಕೂಲಿಯ ಹೆಂಗಸು ಕಿತ್ತರೆ ಬಡತನ, ಟಿಕೆಟ್ ಕೊಂಡವರು ಕಿತ್ತರೆ ಅನುಭವ! ಇನ್ನು ದಸ್ತರ್‌ಖಾನ್ ಹಾಸುವ ನಮ್ಮ ಮನೆಗಳಲ್ಲೂ ಅಡುಗೆ ಮಾಡಿದಾಕೆ ಉಣ್ಣೋದು ಎಷ್ಟು ಹೊತ್ತಿಗೆ, ನಿಮಗೇ ಗೊತ್ತು.

ಮುಂದೆ ಇಂಥ ಊಟಕ್ಕೆ ಹೋದಾಗ ನೋಡಿ: ಸೊಪ್ಪು ತೋರಿಸಿಕೊಟ್ಟಾಕೆಯ ಹೆಸರು ಗೋಡೆ ಮೇಲಿದೆಯಾ? ಆಕೆಗೆ ದಿನದ ಕೂಲಿ ಸಿಕ್ಕಿತಾ? ಅವರು ನಿಮ್ಮ ಪಕ್ಕದಲ್ಲೇ ಕೂತು ಉಣ್ತಿದ್ದಾರಾ, ಇಲ್ಲಾ ಒಳಗೆ ಪಾತ್ರೆ ತೊಳೀತಿದ್ದಾರಾ?