ಹೂವು ಯಾರದು?

ಸಹಾಯಾರ್ಥ ಹರಾಜಿಗೆ ಹೂವಿನ ಅಚ್ಚುಚಿತ್ರದಷ್ಟು ಒಗ್ಗುವ ವಸ್ತು ಮತ್ತೊಂದಿಲ್ಲ. ಅದು ಯಾರ ಮನೆಯ ಗೋಡೆಗಾದರೂ ಸಲ್ಲುತ್ತದೆ. ಇಂಥವುಗಳಲ್ಲಿ ಜಗತ್ಪ್ರಸಿದ್ಧವಾದುದು ಅಮೆರಿಕದ ಆಂಡಿ ವಾರ್ಹಾಲರು 1970ರಲ್ಲಿ ಹತ್ತು ಹಾಳೆಗಳಾಗಿ ಹೊರತಂದ ‘ಹೂಗಳು’. ಹಾಳೆಗೆ ನಾಲ್ಕು ದಾಸವಾಳ. ಎಸಳಿನ ನವುರನ್ನು ಅಳಿಸಿ ಬರಿಯ ಬಣ್ಣವನ್ನು ಉಳಿಸಿಕೊಂಡ ಧೈರ್ಯ ಮೆಚ್ಚತಕ್ಕದ್ದೇ. ಬಣ್ಣ ಬದಲಾದಂತೆ ಅದೇ ಹೂ ಒಂದೆಡೆ ನಗುತ್ತದೆ, ಮತ್ತೊಂದೆಡೆ ಹೆದರಿಸುತ್ತದೆ. ಆದರೆ ಅದರ ಮೂಲ ಛಾಯಾಚಿತ್ರ ಪೆಟ್ರೀಷಿಯಾ ಕಾಲ್‌ಫೀಲ್ಡ್ ಎಂಬಾಕೆಯದು. 1964ರಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾದದ್ದು. ತನ್ನ ಹಕ್ಕಿಗಾಗಿ ಆಕೆ 1966ರಲ್ಲಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ನಮ್ಮಲ್ಲಿ ಇದಕ್ಕೆ ಬೇರೆಯದೇ ಮೇಲ್ಪಂಕ್ತಿಯುಂಟು. ಅರಸೀಕೆರೆಯಿಂದ ಹಳೇಬೀಡಿನ ಮಾರ್ಗವಾಗಿ ಬೇಲೂರಿಗೆ ಬರುವ ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವುದು ಮದನಿಕೆಯ ಮೊಗವನ್ನಲ್ಲ. ಅವಳ ತಲೆಯ ಮೇಲಣ ಬಳ್ಳಿಯ ಚಪ್ಪರವನ್ನು, ಪಾದಪೀಠದಲ್ಲಿ ಕೊರೆದ ಹೆಸರನ್ನು. 1117ರಲ್ಲಿ ಪ್ರತಿಷ್ಠೆಯಾದ ಆ ಗುಡಿ ವಿಷ್ಣುವರ್ಧನನ ಧರ್ಮಕಾರ್ಯ. ಆದರೂ ದೊರೆಯ ಕೀರ್ತಿಯ ನೆರಳಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರು ಮರೆಯಾಗಲಿಲ್ಲ.

ಹರಾಜಿನಲ್ಲಿ ಕೊಂಡವರ ಔದಾರ್ಯಕ್ಕೆ ಚಪ್ಪಾಳೆ ಧಾರಾಳವಾಗಿ ಸಲ್ಲಲಿ. ಚಿತ್ರವನ್ನು ಬಿಟ್ಟುಕೊಟ್ಟ ಕಲಾವಿದನೇ ಅಲ್ಲಿ ಮೊದಲ ದಾನಿಯೆಂಬುದನ್ನು ಮರೆಯಲಾಗದು. ‘ಮೂರನೆಯ ಸಾರಿ’ ಎಂದು ಕೂಗುವ ಮುನ್ನ ಅವನ ಹೆಸರನ್ನೂ, ಅವನು ಯಾರಿಂದ ಪಡೆದನೆಂಬುದನ್ನೂ ಸಭೆಗೆ ಹೇಳುವುದು ಧರ್ಮ.