ಕೊನೆಯಿಂದ ಶುರು ಮಾಡಿ: ಗಾಲ್ಫ್ ಪ್ಲೇಆಫ್ ನೋಡುವ ರಸಿಕರಿಗೊಂದು ಕೈಪಿಡಿ

2021ರ ಆಗಸ್ಟ್ 7ರ ಬೆಳಿಗ್ಗೆ, ಗಾಲ್ಫ್ ಎಂದರೆ ಸಾಹೇಬರ ಆಟವೆಂದು ಚಾನೆಲ್ ಬದಲಿಸುತ್ತಿದ್ದವರೂ ಟಿ.ವಿ. ಮುಂದೆ ಕೂತಿದ್ದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಬಂದಿದ್ದರು. ಕೊನೆಯ ಹೋಲ್‌ನಲ್ಲಿ ಅವರ ಬರ್ಡಿ ಪಟ್ (ಚೆಂಡನ್ನು ಹೋಲ್‌ಗೆ ತಳ್ಳುವ ಮೆಲುಹೊಡೆತ) ತಪ್ಪಿತು, ನಾಲ್ಕನೇ ಸ್ಥಾನ ಬಂತು. ಛೇ ಎಂದುಕೊಂಡು ಎಲ್ಲರೂ ಎದ್ದರು. ಆದರೆ ಆಟ ಮುಗಿದಿರಲಿಲ್ಲ. ಚಿನ್ನ ನೆಲ್ಲಿ ಕೊರ್ಡಾಗೆ ಹೋಗಿತ್ತು. 16 ಅಂಡರ್‌ನಲ್ಲಿ (ನಿಗದಿತ ಹೊಡೆತಗಳಿಗಿಂತ 16 ಕಡಿಮೆ) ಸಮನಾಗಿ ನಿಂತಿದ್ದ ಜಪಾನಿನ ಮೊನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೊ ಬೆಳ್ಳಿಗಾಗಿ ಮತ್ತೆ 18ನೇ ಹೋಲ್‌ಗೆ ಹೊರಟಿದ್ದರು. ಅದಿತಿ 15 ಅಂಡರ್. ಆ ಒಂದು ಪಟ್ ಒಳಗೆ ಬಿದ್ದಿದ್ದರೆ ಮೂರನೆಯವರಾಗಿ ಅವರೂ ಅದೇ ಟೀ (ಹೋಲ್‌ನ ಮೊದಲ ಹೊಡೆತದ ಜಾಗ) ಮೇಲೆ ನಿಂತಿರುತ್ತಿದ್ದರು.

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಗೆಳೆಯರು ಗಾಲ್ಫ್ ನೋಡುವುದು ಹೇಗೆ, ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದರೆ ನಾನು ಹೇಳುವುದು ಒಂದೇ ಮಾತು: ಕೊನೆಯಿಂದ. ಸಾಮಾನ್ಯವಾಗಿ ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನ, ದಿನಕ್ಕೆ 18ರಂತೆ 72 ಹೋಲ್, ಮೈದಾನದ ತುಂಬ ನೂರಕ್ಕೂ ಮೇಲ್ಪಟ್ಟು ಆಟಗಾರರು. ಹೊಸಬರಿಗೆ ಯಾರು ಎಲ್ಲಿದ್ದಾರೆ ಎಂಬುದೇ ತಿಳಿಯುವುದಿಲ್ಲ. 72 ಹೋಲ್ ಮುಗಿದಾಗ ಸಮನಾದವರು ಮತ್ತೆ ಆಡುವ ಪ್ಲೇಆಫ್‌ನಲ್ಲಿ ಈ ಗೊಂದಲವೆಲ್ಲ ಇಲ್ಲ. ಸಾಮಾನ್ಯವಾಗಿ ಇಬ್ಬರು, ಕೆಲವೊಮ್ಮೆ ಮೂವರೋ ನಾಲ್ವರೋ. ಹೆಚ್ಚಾಗಿ ಒಂದೊಂದೇ ಹೋಲ್. ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆದ್ದರು.

ಲೆಕ್ಕ ಇಷ್ಟು ಗೊತ್ತಿದ್ದರೆ ಸಾಕು. ಪ್ರತಿ ಹೋಲ್‌ಗೂ ಮೂರು, ನಾಲ್ಕು ಇಲ್ಲವೇ ಐದು ಹೊಡೆತಗಳ ಒಂದು ‘ಪಾರ್’ ಇರುತ್ತದೆ. ಅದಕ್ಕಿಂತ ಒಂದು ಕಡಿಮೆಯಾದರೆ ಬರ್ಡಿ, ಒಂದು ಹೆಚ್ಚಾದರೆ ಬೋಗಿ. ಮುನ್ನೂರು ಗಜ ಹಾರಿಸಿದ ಹೊಡೆತವೂ ಒಂದೇ, ಗೇಣುದ್ದ ತಳ್ಳಿದ ಪಟ್ಟೂ ಒಂದೇ. ಈ ಆಟದ ಕ್ರೌರ್ಯವೆಲ್ಲ ಈ ಸಮಾನತೆಯಲ್ಲಿದೆ. ಮೊದಮೊದಲು ದೂರದ ಹೊಡೆತವೇ ಕಣ್ಣಿಗೆ ಹಬ್ಬ. ನೋಡುತ್ತ ನೋಡುತ್ತ ಗೇಣಿನ ಪಟ್‌ಗೇ ಎದೆ ಹೊಡೆದುಕೊಳ್ಳತೊಡಗುತ್ತದೆ.

ಪ್ಲೇಆಫ್‌ನ ನಿಯಮ ಎಲ್ಲ ದೊಡ್ಡ ಟೂರ್ನಿಗಳಲ್ಲಿ ಒಂದೇ ಅಲ್ಲ. ಮಾಸ್ಟರ್ಸ್‌ನಲ್ಲಿ ‘ಸಡನ್ ಡೆತ್’: ಒಂದು ಹೋಲ್ ಆಡಿ, ಸಮವಾದರೆ ಇನ್ನೊಂದು. ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ ಮೂರು ಹೋಲ್‌ಗಳ ಒಟ್ಟು ಲೆಕ್ಕ. ಬ್ರಿಟನ್ನಿನ ಓಪನ್‌ನಲ್ಲಿ ಮೊದಲು ನಾಲ್ಕಿತ್ತು, 2019ರಿಂದ ಮೂರು. ಯು.ಎಸ್. ಓಪನ್‌ನಲ್ಲಿ ಈಗ ಎರಡು. 2018ರಲ್ಲಿ ನಿಯಮ ಬದಲಾಗುವ ಮುಂಚೆ ಅಲ್ಲಿ ಸೋಮವಾರ ಮತ್ತೆ ಬಂದು ಪೂರ್ತಿ 18 ಹೋಲ್ ಆಡಬೇಕಿತ್ತು. 2008ರಲ್ಲಿ ಟೈಗರ್ ವುಡ್ಸ್ ಮುರಿದ ಕಾಲಿನಲ್ಲಿ ರೊಕೊ ಮೀಡಿಯೇಟ್ ಎದುರು ಆ 18 ಆಡಿದರು, ಇಬ್ಬರೂ 71ಕ್ಕೆ ಸಮ, ಹತ್ತೊಂಬತ್ತನೆಯದರಲ್ಲಿ ವುಡ್ಸ್ ಗೆದ್ದರು. ಟಿ.ವಿ.ಯವರಿಗೆ ಸೋಮವಾರ ಬೇಡವಾಗಿದ್ದಿರಬಹುದು. ನನಗಂತೂ ಆ ಪದ್ಧತಿ ಹೋದದ್ದು ನಷ್ಟವೇ.

ಇನ್ನು ನೋಡುವುದು ಹೇಗೆ? ನಾಲ್ಕು ದಿನ ಆಟಗಾರ ಆಡುವುದು ಮೈದಾನದ ವಿರುದ್ಧ. ಪಕ್ಕದವನು ಏನು ಹೊಡೆದ ಎಂಬುದು ಅವನಿಗೆ ಅಷ್ಟು ಮುಖ್ಯವಲ್ಲ. ಪ್ಲೇಆಫ್‌ನಲ್ಲಿ ಅದು ತಲೆಕೆಳಗಾಗುತ್ತದೆ. ಮೊದಲು ಯಾರು ಹೊಡೆಯಬೇಕೆಂದು ಚೀಟಿ ಎತ್ತುತ್ತಾರೆ. ಆಮೇಲೆ ಯಾರ ಚೆಂಡು ಹೋಲ್‌ನಿಂದ ದೂರವಿದೆಯೋ ಅವರ ಸರದಿ ಮೊದಲು. ಹತ್ತಿರವಿದ್ದವನು ಕಾದು ನೋಡಿ ಹೊಡೆಯುತ್ತಾನೆ. ಎದುರಾಳಿಯ ಚೆಂಡು ಮರಳಿನ ಬಂಕರ್‌ಗೆ ಬಿದ್ದರೆ ಇವನಿಗೆ ಹೋಲ್ ಸುತ್ತಲಿನ ನುಣುಪು ಹುಲ್ಲಿನ ಗ್ರೀನ್‌ನ ನಡುವೆ ಹಾಕಿದರೂ ಸಾಕು. ಅವನದು ಹೋಲ್‌ನ ಪಕ್ಕ ಕೂತರೆ ಇವನು ಧೈರ್ಯ ಮಾಡಲೇಬೇಕು. ಆದ್ದರಿಂದ ಚೆಂಡು ಹಾರುವಾಗ ಹೊಡೆದವನನ್ನು ಬಿಟ್ಟು, ಇನ್ನೂ ಹೊಡೆಯಬೇಕಾದವನ ಕಡೆ ನೋಡಿ. ಕೈಯಲ್ಲಿದ್ದ ಕ್ಲಬ್ ಚೀಲಕ್ಕೆ ವಾಪಸ್ ಹೋಗಿ ಬೇರೊಂದು ಹೊರಬಂತೆಂದರೆ ಅಲ್ಲೇ ಕಥೆ ತಿರುಗಿತು.

2025ರ ಮಾಸ್ಟರ್ಸ್ ಇದಕ್ಕೆ ಒಳ್ಳೆಯ ಪಾಠ. ನಮ್ಮಲ್ಲಿ ಆಗ ಸೋಮವಾರದ ನಸುಕು. 18ನೇ ಹೋಲ್‌ನಲ್ಲಿ ರೋರಿ ಮೆಕಿಲ್ರಾಯ್ ಎರಡನೇ ಹೊಡೆತವನ್ನು ಬಂಕರ್‌ಗೆ ಹಾಕಿದರು, ಆಮೇಲೆ ಐದಡಿಯ ಪಟ್ ತಪ್ಪಿಸಿದರು, ಜಸ್ಟಿನ್ ರೋಸ್ ಜೊತೆ ಸಮವಾದರು. ಸ್ವಲ್ಪ ಹೊತ್ತಿಗೆ ಅದೇ ಹೋಲ್‌ಗೆ ಮರಳಿ ಬಂದು, ಹೆಚ್ಚುಕಡಿಮೆ ಅಷ್ಟೇ ದೂರದಿಂದ ಚೆಂಡನ್ನು ನಾಲ್ಕಡಿಯೊಳಗೆ ನಿಲ್ಲಿಸಿದರು. ದೂರವಿದ್ದ ರೋಸ್ ಮೊದಲು ಪಟ್ ಮಾಡಬೇಕಾಯಿತು, ತಪ್ಪಿತು. ಮೆಕಿಲ್ರಾಯ್ ತಮ್ಮದನ್ನು ಒಳಗೆ ಹಾಕಿ ಮಂಡಿಯೂರಿದರು. ಈ ಎರಡು ‘ಎರಡನೇ ಹೊಡೆತ’ಗಳನ್ನು ಒಂದರ ಹಿಂದೆ ಒಂದು ಹಾಕಿಕೊಂಡು ನೋಡಿ.

ಪಟ್ ನೋಡುವ ಕಣ್ಣು ನಮ್ಮ ಭಾಗದವರಿಗೆ ಆಗಲೇ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಭತ್ತ ಬೆಳೆಯುವ ಸಿಂಧನೂರಿನ ರೈತ, ಮಡಿಗೆ ನೀರು ಬಿಟ್ಟೊಡನೆ ಯಾವ ಮೂಲೆ ತಗ್ಗು, ಯಾವ ಕಡೆ ಏರು ಎಂದು ಒಡ್ಡಿನ ಮೇಲೆ ನಿಂತೇ ಹೇಳುತ್ತಾನೆ. ಗ್ರೀನ್ ಮೇಲೆ ಕುಕ್ಕರಗಾಲಲ್ಲಿ ಕೂತ ಆಟಗಾರ ಹುಡುಕುವುದೂ ಅದನ್ನೇ: ಇಲ್ಲಿ ನೀರು ಸುರಿದರೆ ಎತ್ತ ಹರಿಯುತ್ತದೆ? ಹೋಲ್‌ನ ಅಗಲ ನಾಲ್ಕೂಕಾಲು ಇಂಚು. ನೇರ ಹೋಲ್‌ಗೆ ಗುರಿಯಿಟ್ಟರೆ ಇಳಿಜಾರು ಚೆಂಡನ್ನು ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಗುರಿ ಮೇಲಿನ ಕಡೆಗೆ. ಎಷ್ಟು ಮೇಲೆ ಎಂಬುದು ವೇಗದ ಮೇಲೆ ನಿಂತಿದೆ. ಜೋರಾಗಿ ಹೊಡೆದರೆ ತಿರುವು ಕಡಿಮೆ, ಆದರೆ ತಪ್ಪಿದರೆ ಚೆಂಡು ದೂರ ಓಡುತ್ತದೆ. ಪಟ್ ಹೊರಡುವ ಮುಂಚೆ ತಿರುವು ಎಷ್ಟು ಎಂದು ಮನಸ್ಸಿನಲ್ಲೇ ಊಹಿಸಿಕೊಳ್ಳಿ. ನಿಮ್ಮ ಊಹೆ ನಿಜವಾಗತೊಡಗಿದ ದಿನ ಗಾಲ್ಫ್ ಹುಚ್ಚು ಹಿಡಿಯಿತೆಂದೇ ಲೆಕ್ಕ.

ಗ್ರೀನ್‌ನ ಇಳಿಜಾರು ಓದುವ ಈ ವಿದ್ಯೆ ಕ್ಯಾಡಿಗಳದು. ಚೀಲ ಹೊರುವ ಆಳೆಂದು ಅವರನ್ನು ಕಡೆಗಣಿಸಬೇಡಿ. ಟೋಕಿಯೊದಲ್ಲಿ ಅದಿತಿಯ ಚೀಲ ಹೊತ್ತಿದ್ದವರು ಅವರ ತಾಯಿ ಮಾಹೇಶ್ವರಿ, ರಿಯೊ ಒಲಿಂಪಿಕ್ಸ್‌ನಲ್ಲಿ ತಂದೆ. ಕನ್ನಡ ನಾಡಿನ ಪ್ಲೇಆಫ್ ಕಥೆಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದೂ ಒಬ್ಬ ಕ್ಯಾಡಿಯದೇ. ಬೆಂಗಳೂರಿನಲ್ಲಿ ಬೇರೆಯವರ ಚೀಲ ಹೊರುತ್ತಲೇ ಆಟ ಕಲಿತ ಸಿ. ಮುನಿಯಪ್ಪ 2009ರ ಅಕ್ಟೋಬರಿನಲ್ಲಿ ಗುರುಗ್ರಾಮದ ಡಿಎಲ್‌ಎಫ್ ಮೈದಾನದಲ್ಲಿ ಇಂಡಿಯನ್ ಓಪನ್ ಗೆದ್ದರು. ಅದು ದೇಶದ ಪ್ರಮುಖ ಗಾಲ್ಫ್ ಟೂರ್ನಿ. 72 ಹೋಲ್ ಮುಗಿದಾಗ ಕೊರಿಯಾದ ಲೀ ಸಂಗ್ ಜೊತೆ ಸಮವಾಗಿದ್ದ ಮುನಿಯಪ್ಪ ಪ್ಲೇಆಫ್‌ನಲ್ಲಿ ಅವರನ್ನು ಮಣಿಸಿದರು. ಬಹುಮಾನ ಸುಮಾರು 1.98 ಲಕ್ಷ ಡಾಲರ್. ದಿನಗೂಲಿಯ ಮೇಲೆ ಗ್ರೀನ್ ಓದುತ್ತಿದ್ದ ಕಣ್ಣು ಆ ದಿನ ತನಗಾಗಿ ಓದಿತು. ಇಷ್ಟು ದೊಡ್ಡ ಗೆಲುವು ನಮ್ಮ ಶಾಲೆಯ ಪಾಠಪುಸ್ತಕಕ್ಕೆ ಬರಬೇಕಿತ್ತು ಎನ್ನುವವನು ನಾನು.

ಅದೇ ಟೂರ್ನಿ 2015ರ ಫೆಬ್ರುವರಿಯಲ್ಲಿ ದೆಹಲಿ ಗಾಲ್ಫ್ ಕ್ಲಬ್‌ನಲ್ಲಿ ನಡೆದಾಗ ಮತ್ತೊಂದು ಪ್ಲೇಆಫ್. ಬೆಂಗಳೂರಿನ ಅನಿರ್ಬನ್ ಲಾಹಿರಿ ಕೊನೆಯ ದಿನ ಶುರುವಾದಾಗ ಎಸ್.ಎಸ್.ಪಿ. ಚೌರಾಸಿಯಾಗಿಂತ ಏಳು ಹೊಡೆತ ಹಿಂದಿದ್ದರು. ಸಂಜೆಯ ಹೊತ್ತಿಗೆ ಇಬ್ಬರೂ ಸಮ. ಮೊದಲ ಹೆಚ್ಚುವರಿ ಹೋಲ್‌ನಲ್ಲೇ ಲಾಹಿರಿ ಗೆದ್ದರು. ಇಂಥ ಪ್ಲೇಆಫ್‌ನಲ್ಲಿ ಗಮನಿಸಬೇಕಾದ್ದು ಯಾರು ಏರಿ ಬಂದರು, ಯಾರು ಜಾರಿ ಬಂದರು ಎಂಬುದನ್ನು. ಅಂಕ ಒಂದೇ ಇದ್ದರೂ ಮನಸ್ಸು ಒಂದೇ ಇರುವುದಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು 2024ರ ಜುಲೈನಲ್ಲಿ ಸ್ಪೇನಿನ ವಾಲ್ಡೆರಾಮಾದಲ್ಲಿ ನಡೆಯಿತು. ಲಿವ್ ಗಾಲ್ಫ್ ಟೂರ್ನಿ ಗೆಲ್ಲಲು ಕೊನೆಯ ಹೋಲ್‌ನಲ್ಲಿ ಲಾಹಿರಿಗೆ ಒಂದು ಚಿಕ್ಕ ಪಟ್ ಸಾಕಿತ್ತು. ಅದು ತಪ್ಪಿತು. ಪ್ಲೇಆಫ್‌ನ ಎರಡನೇ ಹೋಲ್‌ನಲ್ಲಿ ಸರ್ಜಿಯೊ ಗಾರ್ಸಿಯಾ ಗೆದ್ದರು. ಗೆಲುವು ಕೈ ಜಾರಿದ ಮೇಲೆ ಮತ್ತೆ ಟೀಗೆ ನಡೆದು ಹೋಗಬೇಕಲ್ಲ, ಆ ನಡಿಗೆಯನ್ನು ಕ್ಯಾಮೆರಾ ಬಿಡದೆ ತೋರಿಸುತ್ತದೆ. ಹೆಗಲು, ಹೆಜ್ಜೆಯ ವೇಗ, ಕ್ಯಾಡಿ ಮಾತಾಡುತ್ತಿದ್ದಾನೋ ಸುಮ್ಮನಿದ್ದಾನೋ, ಎಲ್ಲವೂ ಆಟದ ಭಾಗವೇ. ಅಲ್ಲಿ ಜಾಹೀರಾತು ಬಂದರೆ ನನಗೆ ಸಿಟ್ಟು ಬರುತ್ತದೆ.

2023ರ ಏಪ್ರಿಲ್ ಕೊನೆಯಲ್ಲಿ ಅದಿತಿಗೂ ಪ್ಲೇಆಫ್ ಸಿಕ್ಕಿತು, ಲಾಸ್ ಏಂಜಲೀಸ್‌ನ ವಿಲ್‌ಶೈರ್ ಮೈದಾನದಲ್ಲಿ. ಆಸ್ಟ್ರೇಲಿಯಾದ ಹನ್ನಾ ಗ್ರೀನ್, ಚೀನಾದ ಲಿನ್ ಶಿಯು, ಅದಿತಿ, ಮೂವರು ಸಮ. ಅಲ್ಲಿನ 18ನೆಯದು ಪಾರ್ ಮೂರರ ಹೋಲ್. ಚೆಂಡು ಒಂದೇ ಹೊಡೆತದಲ್ಲಿ ಗ್ರೀನ್ ಮುಟ್ಟಬೇಕು, ತಿದ್ದಿಕೊಳ್ಳಲು ಎರಡನೆಯ ಅವಕಾಶವಿಲ್ಲ. ಪ್ಲೇಆಫ್‌ನ ಎರಡನೇ ಹೋಲ್‌ನಲ್ಲಿ ಹನ್ನಾ ಗೆದ್ದರು. ಮಹಿಳೆಯರ ಎಲ್‌ಪಿಜಿಎ ಟೂರ್‌ನಲ್ಲಿ ಭಾರತದ ಮೊದಲ ಗೆಲುವಿಗೆ ಅಷ್ಟು ಹತ್ತಿರ ಹೋಗಿದ್ದರು ನಮ್ಮ ಹುಡುಗಿ.

ಮೊಬೈಲ್‌ನಲ್ಲಿ ನೋಡುವುದಾದರೆ ಮೊದಲು 2025ರ ಮಾಸ್ಟರ್ಸ್, ಆಮೇಲೆ ಟೋಕಿಯೊದ ಬೆಳ್ಳಿಯ ಪ್ಲೇಆಫ್, ಕೊಂಚ ಅಭ್ಯಾಸವಾದ ಮೇಲೆ 2008ರ ಯು.ಎಸ್. ಓಪನ್. 2009ರಲ್ಲಿ ಟರ್ನ್‌ಬೆರಿಯಲ್ಲಿ ನಡೆದ ಬ್ರಿಟನ್ನಿನ ಓಪನ್ ಮಾತ್ರ ಈಗಲೇ ಬೇಡ. 59 ವರ್ಷದ ಟಾಮ್ ವಾಟ್ಸನ್ ಅಲ್ಲಿ ಕೊನೆಯ ಹೋಲ್‌ನಲ್ಲಿ ಪಾರ್ ಮಾಡಿದ್ದರೆ ಗೆಲ್ಲುತ್ತಿದ್ದರು. ಬೋಗಿಯಾಯಿತು. ನಾಲ್ಕು ಹೋಲ್‌ಗಳ ಪ್ಲೇಆಫ್‌ನಲ್ಲಿ ಸ್ಟುವರ್ಟ್ ಸಿಂಕ್ ಎದುರು ಆರು ಹೊಡೆತಗಳಿಂದ ಸೋತರು. ಅದನ್ನು ನೋಡಲೇಬೇಕೆನಿಸಿದರೆ 72ನೇ ಹೋಲ್‌ವರೆಗೆ ನೋಡಿ, ಮುಂದಿನದನ್ನು ಬಿಟ್ಟುಬಿಡಿ.